ಬೆಲ್ಲ-ನೀರು ಕೊಡದ ಪುಟಗಳು

ಕುಂದಗೋಳ, ಅಣ್ಣಿಗೇರಿ ಕಡೆ ಒಣಮೆಣಸಿನಕಾಯಿ ಕೊಳ್ಳುವವರ ಕೈಗಳನ್ನು ನೋಡಬೇಕು. ಚೀಲದ ಬಾಯಲ್ಲಿ ಕಾಣುವ ಕಾಯಿಗೆ ಅವರು ಮರುಳಾಗುವುದಿಲ್ಲ. ಮೊಣಕೈ ಮುಳುಗುವ ತನಕ ಕೈ ಇಳಿಸಿ ಚೀಲದ ಹೊಟ್ಟೆಯಿಂದ ಒಂದು ಹಿಡಿ ಎತ್ತುತ್ತಾರೆ. ಮುಷ್ಟಿ ಬಿಗಿದು ನೋಡುತ್ತಾರೆ. ಕರಕರ ಎಂದರೆ ಒಣಗಿದೆ, ಮೆತ್ತಗೆ ಅಮುಕಿಕೊಂಡರೆ ಇನ್ನೂ ಹಸಿ ಉಳಿದಿದೆ. ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುತ್ತಾರೆ. ಒಂದನ್ನು ಮುರಿದು ಅಂಗೈಗೆ ತಿಕ್ಕಿ ಬಣ್ಣ ಹತ್ತುತ್ತದೆಯೋ ಎಂದು ಪರೀಕ್ಷಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಬಾಯಿ ತೆರೆಯುತ್ತದೆ: ‘ಹೆಂಗ ಕೊಟ್ರಿ?’

ಅದೇ ಕಾಯಿ ಈಗ ಬೆಂಗಳೂರಿನ ಬಸವನಗುಡಿಯ ಗೃಹಿಣಿಗೋ ಪುಣೆಯಲ್ಲಿರುವ ಧಾರವಾಡ ಮೂಲದ ಕುಟುಂಬಕ್ಕೋ ಮೊಬೈಲಿನಲ್ಲಿ ಮಾರಾಟವಾಗಬೇಕು. ಮೊಬೈಲಿನ ಗಾಜಿನೊಳಗೆ ಕೈ ಇಳಿಯುವುದಿಲ್ಲ. ಸಂತೆಯಲ್ಲಿ ಕೈ, ಕಿವಿ, ಮೂಗು ಸೇರಿ ಮಾಡುತ್ತಿದ್ದ ಕೆಲಸವನ್ನೆಲ್ಲ ಒಂದು ಪುಟ ಮಾಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್, ಫೇಸ್‌ಬುಕ್‌ನ ಜಾಹೀರಾತು, ಪೊಟ್ಟಣದ ಮೇಲಿನ ಕ್ಯೂಆರ್ ಕೋಡ್ ಇವುಗಳಲ್ಲಿ ಯಾವುದರ ಮೂಲಕ ಬಂದರೂ ಗಿರಾಕಿ ಮೊದಲು ಬಂದಿಳಿಯುವ ಪುಟವದು. ಧಂದೆಯವರ ಬಾಯಲ್ಲಿ ಅದು ‘ಲ್ಯಾಂಡಿಂಗ್ ಪೇಜ್’.

ವೆಬ್‌ಸೈಟಿನ ಮುಖಪುಟ ಬೇರೆ, ಇದು ಬೇರೆ. ಮುಖಪುಟವೆಂದರೆ ಊರ ಅಗಸಿ: ಅಲ್ಲಿಂದ ಗುಡಿಗೂ ದಾರಿ, ಚಾವಡಿಗೂ ದಾರಿ, ಹತ್ತು ಓಣಿಗೂ ದಾರಿ. ಲ್ಯಾಂಡಿಂಗ್ ಪೇಜ್ ಒಂದೇ ಮನೆಯ ಪಡಸಾಲೆ. ಒಂದು ಕೆಲಸಕ್ಕೆ ಬಂದವರು ಆ ಕೆಲಸ ಮುಗಿಸಿಕೊಂಡು ಹೋಗಬೇಕಾದ ಜಾಗ. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮಾರುವ ಸರಕಿಗೆ ಬರವಿಲ್ಲ, ಹೆಸರೂ ಇದೆ. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಿ ಅಂದರೆ ಜಿಐ ಮಾನ್ಯತೆ ಇದೆ. ಈ ಭಾಗದ ಎರಿ ಹೊಲಗಳಲ್ಲೂ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಆ ಮಾನ್ಯತೆ ಬಂತು. ಕಲಘಟಗಿಯ ಬಣ್ಣದ ತೊಟ್ಟಿಲಿನ ಹೆಸರು ಕೇಳದ ಮನೆ ಉತ್ತರ ಕರ್ನಾಟಕದಲ್ಲಿ ವಿರಳ. ಕೊರತೆಯಾಗಿರುವುದು ಪಡಸಾಲೆಯದು.

ಕರಕುಶಲ ವಸ್ತುಗಳಿಗೆಂದು ಮಾಡಿದ ಪುಟಗಳನ್ನು ಮೊಬೈಲಿನಲ್ಲಿ ತೆರೆದವರಿಗೆ ಈ ಅನುಭವ ಹೊಸದಲ್ಲ. ಮೊದಲು ಒಂದು ಬಿಳಿ ಪರದೆ, ನಡುವೆ ತಿರುಗುವ ಚಕ್ರ. ಆಮೇಲೆ ತಾನಾಗಿಯೇ ಸರಿಯುವ ಐದಾರು ದೊಡ್ಡ ಫೋಟೊಗಳು: ಉದ್ಘಾಟನೆಯ ದೀಪ, ವೇದಿಕೆ, ಹಾರ, ಶಾಲು. ಕೆಳಗೆ ಸಂಸ್ಥೆಯ ಧ್ಯೇಯೋದ್ದೇಶ. ಅದರ ಕೆಳಗೆ ಸರಕಿನ ಚಿತ್ರ, ಹೆಬ್ಬೆರಳಿನಷ್ಟು. ಬೆಲೆ ಎಲ್ಲಿ ಎಂದು ಹುಡುಕಿದರೆ ‘ವಿಚಾರಿಸಿ’ ಎಂಬ ಬಟನ್. ಒತ್ತಿದರೆ ಹೆಸರು, ಇಮೇಲ್, ಫೋನು, ಪಿನ್‌ಕೋಡ್, ‘ನಮ್ಮ ಬಗ್ಗೆ ಎಲ್ಲಿ ತಿಳಿಯಿತು’ ಎಂದೆಲ್ಲ ಕೇಳುವ ಅರ್ಜಿ. ಜಾತಿ-ಆದಾಯ ಪ್ರಮಾಣಪತ್ರವೊಂದನ್ನು ಕೇಳಿಲ್ಲ, ಅಷ್ಟೇ.

ಈ ಸೀಮೆಯ ಮನೆಗಳಲ್ಲಿ ಬಿಸಿಲಲ್ಲಿ ಬಂದವರನ್ನು ಹೀಗೆ ನಡೆಸಿಕೊಳ್ಳುವುದಿಲ್ಲ. ‘ಬರ್ರಿ, ಕುಂದರ್ರಿ’ ಎಂದು ಮೊದಲು ಬೆಲ್ಲ-ನೀರು. ಯಾರು, ಯಾವ ಊರು, ಏನು ಬಂದಿದ್ದು ಎಂಬ ಮಾತು ಆಮೇಲೆ. ಪುಟದಲ್ಲಿ ಬೆಲ್ಲ-ನೀರು ಎಂದರೆ ಮೂರೇ ಸಂಗತಿ: ಸರಕು ಯಾವುದು, ಬೆಲೆ ಎಷ್ಟು, ಕೈಗೆ ಸಿಗುವುದು ಯಾವಾಗ. ಈ ಮೂರನ್ನು ಹೇಳುವ ಮೊದಲೇ ಗಿರಾಕಿಯ ಫೋನ್ ನಂಬರ್ ಕೇಳುವುದು ನೀರು ಕೊಡದೆ ಗೋತ್ರ ಕೇಳಿದಂತೆ.

ಇದು ಬರೀ ಸೌಜನ್ಯದ ಮಾತಲ್ಲ, ರೊಕ್ಕದ ಮಾತೂ ಹೌದು. ವೆಬ್ ವಿನ್ಯಾಸಕರು ಮತ್ತೆ ಮತ್ತೆ ಹೇಳುವ ಕಥೆಯೊಂದಿದೆ. ಅಮೆರಿಕದ ತಜ್ಞ ಜೇರೆಡ್ ಸ್ಪೂಲ್ 2009ರಲ್ಲಿ ಬರೆದದ್ದು. ದೊಡ್ಡ ಆನ್‌ಲೈನ್ ಅಂಗಡಿಯೊಂದರಲ್ಲಿ ಜನ ಸಾಮಾನು ಆರಿಸಿ ಬುಟ್ಟಿಗೆ ಹಾಕುತ್ತಿದ್ದರು, ರೊಕ್ಕ ಕೊಡುವ ಹೊತ್ತಿಗೆ ಬಿಟ್ಟು ಹೋಗುತ್ತಿದ್ದರು. ನಡುವೆ ಅಡ್ಡ ನಿಂತಿದ್ದದ್ದು ‘ನೋಂದಾಯಿಸಿ’ ಎಂಬ ಒಂದು ಬಟನ್. ಹೊಸಬರಿಗೆ ‘ಕೊಳ್ಳಲು ಬಂದೆವು, ನೆಂಟಸ್ತನ ಮಾಡಲಲ್ಲ’ ಎಂಬ ಸಿಟ್ಟು. ಹಳಬರಿಗೆ ಪಾಸ್‌ವರ್ಡ್ ಮರೆತ ಪೇಚು. ಆ ಬಟನ್ ತೆಗೆದು ‘ಮುಂದುವರಿಯಿರಿ’ ಎಂದು ಬರೆದು, ಖಾತೆ ತೆರೆಯುವುದು ಕಡ್ಡಾಯವಲ್ಲ ಎಂಬ ಸಾಲು ಸೇರಿಸಿದರು. ಕೊಳ್ಳುವವರ ಸಂಖ್ಯೆ ಶೇ 45ರಷ್ಟು ಏರಿತು. ಮೊದಲ ವರ್ಷದ ಹೆಚ್ಚುವರಿ ವಹಿವಾಟು 30 ಕೋಟಿ ಡಾಲರ್.

ಇನ್ನೊಂದು ಪ್ರಸಿದ್ಧ ಉದಾಹರಣೆ ಚುನಾವಣೆಯದು. 2007ರ ಕೊನೆಯಲ್ಲಿ ಬರಾಕ್ ಒಬಾಮ ಪ್ರಚಾರ ತಂಡದ ಡ್ಯಾನ್ ಸಿರೋಕರ್, ಬೆಂಬಲಿಗರ ಇಮೇಲ್ ಸಂಗ್ರಹಿಸುವ ಪುಟವನ್ನು ಪರೀಕ್ಷೆಗೊಡ್ಡಿದರು. ನಾಲ್ಕು ಬಗೆಯ ಬಟನ್, ಆರು ಬಗೆಯ ಚಿತ್ರ ಮತ್ತು ವಿಡಿಯೊ, ಒಟ್ಟು 24 ಜೋಡಣೆ. ಸುಮಾರು 3.1 ಲಕ್ಷ ಜನ ನೋಡಿದರು. ತಂಡದವರ ಮನಸ್ಸೆಲ್ಲ ವಿಡಿಯೊ ಮೇಲೆ. ಗೆದ್ದದ್ದು ಮಾತ್ರ ಕುಟುಂಬದ ಒಂದು ಸಾದಾ ಫೋಟೊ ಮತ್ತು ‘ಇನ್ನಷ್ಟು ತಿಳಿಯಿರಿ’ ಎಂಬ ಬಟನ್. ಹೆಸರು ಕೊಟ್ಟವರ ಪ್ರಮಾಣ ಶೇ 8.26ರಿಂದ ಶೇ 11.6ಕ್ಕೆ ಹೋಯಿತು. ‘ಈಗಲೇ ಸೇರಿ’ ಎಂದು ಕೈ ಹಿಡಿದು ಎಳೆದದ್ದಕ್ಕಿಂತ ‘ತಿಳಿದುಕೊಳ್ಳಿ’ ಎಂದು ಬಾಗಿಲು ತೆರೆದದ್ದು ಹೆಚ್ಚು ಜನಕ್ಕೆ ಹಿಡಿಸಿತು. ನಮ್ಮ ಜವಳಿ ಅಂಗಡಿಗಳ ಹಳೆಯ ಮಾತೂ ಅದೇ: ‘ನೋಡಾಕ ರೊಕ್ಕಿಲ್ರಿ, ನೋಡ್ರಿ.’

ಇಂಥ ಕಥೆಗಳನ್ನು ಹೇಳಿ ತಾಲ್ಲೂಕು ಮಟ್ಟದ ‘ಡಿಜಿಟಲ್ ಮಾರ್ಕೆಟಿಂಗ್’ ತರಬೇತಿಗಳು ಮುಗಿದುಬಿಡುತ್ತವೆ. ತೊಡಕು ಶುರುವಾಗುವುದು ಅಲ್ಲಿಂದ. ಮೂರು ಲಕ್ಷ ಜನ ನೋಡುವ ಪುಟಕ್ಕೆ ಹೊಂದುವ ಲೆಕ್ಕ, ತಿಂಗಳಿಗೆ ನಲವತ್ತು ಜನ ನೋಡುವ ಪುಟಕ್ಕೆ ಹೊಂದದು. ನಲವತ್ತರಲ್ಲಿ ಇಪ್ಪತ್ತು ಜನಕ್ಕೆ ಕೆಂಪು ಬಟನ್, ಇಪ್ಪತ್ತು ಜನಕ್ಕೆ ಹಸಿರು ಬಟನ್ ತೋರಿಸಿ ಕೂಡಿ ಕಳೆಯುವುದು ಹುಡುಗಾಟ. ಅದಕ್ಕಿಂತಲೂ ದೊಡ್ಡ ಪ್ರಶ್ನೆಯನ್ನು ಈ ತರಬೇತಿಗಳು ಕೇಳುವುದೇ ಇಲ್ಲ. ನವಲಗುಂದದ ಜಮಖಾನೆಗೆ ನಾಳೆ ಬೆಳಿಗ್ಗೆ ಸಾವಿರ ಗಿರಾಕಿಗಳು ಬಂದರೆ ನೇಯುವವರು ಯಾರು?

ಆ ನೇಯ್ಗೆಯನ್ನು ಹತ್ತಿರದಿಂದ ನೋಡಿದವರಿಗೆ ಪ್ರಶ್ನೆಯ ಭಾರ ಗೊತ್ತು. ಮಗ್ಗ ನೆಲದ ಮೇಲೆ ಮಲಗಿರುವುದಿಲ್ಲ, ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಎದುರಿಗೆ ಕುಳಿತ ಹೆಣ್ಣುಮಗಳು ಬಣ್ಣಬಣ್ಣದ ಹತ್ತಿ ನೂಲನ್ನು ಬೆರಳಿನಿಂದಲೇ ಹಾಸಿನ ಎಳೆಗಳ ನಡುವೆ ತೂರಿಸುತ್ತಾಳೆ, ಪಂಜಾ ಎಂಬ ಹಲ್ಲಿನ ಸಲಕರಣೆಯಿಂದ ಬಡಿದು ಕೂರಿಸುತ್ತಾಳೆ. ಒಂದು ಸಾಲು, ಬಡಿತ. ಇನ್ನೊಂದು ಸಾಲು, ಬಡಿತ. ಪಗಡೆ ಹಾಸಿನ ಚೌಕಗಳು, ನವಿಲು ಇವೆಲ್ಲ ಹೀಗೆ ಎಳೆ ಎಳೆಯಾಗಿ ಮೇಲೇಳುತ್ತವೆ. ನವಿಲುಗುಂದವೇ ನವಲಗುಂದವಾಯಿತು ಎನ್ನುವ ಊರಿನಲ್ಲಿ ಜಮಖಾನೆಯ ಮೇಲೆ ನವಿಲು ಕೂತಿರುವುದು ಸಹಜವೇ. ಆದಿಲ್‌ಶಾಹಿ ಕಾಲದಲ್ಲಿ ಬಿಜಾಪುರದ ಕಡೆಯಿಂದ ಬಂದ ಕುಟುಂಬಗಳು ಈ ವಿದ್ಯೆ ತಂದವೆಂದು ಹೇಳಿಕೆ. ಮುಸ್ಲಿಂ ಕುಟುಂಬಗಳ ಹೆಣ್ಣುಮಕ್ಕಳೇ ತಲೆಮಾರುಗಳಿಂದ ನಡೆಸಿಕೊಂಡು ಬಂದ ಕಸುಬು. ಹಾಸುವ ಜಮಖಾನೆ, ನಮಾಜಿನ ಜಾನಮಾಜ್, ದನಕರುಗಳ ಬೆನ್ನಿಗೆ ಹೊದಿಸುವ ಗುಡಾರ ಎಲ್ಲವೂ ಇದೇ ಮಗ್ಗದ ಮಕ್ಕಳು. ಇಂದು ಮಗ್ಗದ ಮುಂದೆ ಕೂರುವವರು ಕೆಲವೇ ಮಂದಿ.

ಆದ್ದರಿಂದ ಇಲ್ಲಿಯ ಪುಟದ ಕೆಲಸವೇ ಬೇರೆ. ಬಂದವರನ್ನೆಲ್ಲ ಗಿರಾಕಿ ಮಾಡುವುದು ಅದರ ಗುರಿಯಾಗಬಾರದು. ಮಷೀನಿನಲ್ಲಿ ನೇಯ್ದ ಅಗ್ಗದ ಕಾರ್ಪೆಟ್ ಹುಡುಕುವವರನ್ನು ಅರ್ಧ ನಿಮಿಷದಲ್ಲಿ ನಯವಾಗಿ ಬೀಳ್ಕೊಡಬೇಕು. ಕಾಯಲು ಸಿದ್ಧರಿರುವ, ಬೆಲೆಯ ಹಿಂದಿನ ಬೆರಳುಗಳನ್ನು ಬಲ್ಲ ಹತ್ತಿಪ್ಪತ್ತು ಜನರನ್ನು ಉಳಿಸಿಕೊಳ್ಳಬೇಕು. ಬೆಲೆಯನ್ನು ಮುಚ್ಚಿಟ್ಟು ಫೋನ್ ಮಾಡಿಸುವ ಪುಟ ಇದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತದೆ. ನಲವತ್ತು ಫೋನ್ ಬರುತ್ತವೆ, ಮೂವತ್ತೆಂಟು ಜನ ‘ಅಷ್ಟಾ?’ ಎಂದು ಇಟ್ಟುಬಿಡುತ್ತಾರೆ, ಮಗ್ಗ ಬಿಟ್ಟು ಎದ್ದು ಬಂದ ಹೆಣ್ಣುಮಗಳ ಅರ್ಧ ದಿನ ಹೋಗುತ್ತದೆ.

ಹಾಗಾದರೆ ಪುಟದಲ್ಲಿ ಏನಿರಬೇಕು? ಹೆಚ್ಚೇನೂ ಬೇಡ. ಮೇಲೆ ಜಮಖಾನೆಯ ಒಂದೇ ಫೋಟೊ, ಹಗಲು ಬೆಳಕಿನಲ್ಲಿ ತೆಗೆದದ್ದು, ಅಳತೆ ಗೊತ್ತಾಗಲು ಮೇಲೊಂದು ತಂಬಿಗೆಯೋ ಕುಳಿತ ಮಗುವೋ ಇರಲಿ. ಕೆಳಗೆ ಮಾತು: ‘ನವಲಗುಂದ ಜಮಖಾನೆ. ಮೂರಡಿ ಅಗಲ, ಐದಡಿ ಉದ್ದ. ಹತ್ತಿ ನೂಲು, ಕೈನೇಯ್ಗೆ. ನಡುವೆ ಪಗಡೆ ಹಾಸು, ಎರಡೂ ತುದಿಗೆ ನವಿಲು. ಒಂದನ್ನು ನೇಯಲು ಇಷ್ಟು ದಿನ. ಬೆಲೆ ಇಷ್ಟು, ಮನೆ ಮುಟ್ಟಿಸುವ ಖರ್ಚು ಸೇರಿ. ಈಗ ಇಷ್ಟು ಮಂದಿ ಸರತಿಯಲ್ಲಿದ್ದಾರೆ. ನಿಮ್ಮದು ಇಂಥ ತಿಂಗಳಲ್ಲಿ ಸಿಗುತ್ತದೆ.’ ಆಮೇಲೆ ಒಂದು ಬಟನ್: ‘ಸಂಚಕಾರ ಕೊಟ್ಟು ಸರತಿ ಹಿಡಿಯಿರಿ.’

ಸಂಚಕಾರ ಈ ಕಡೆಯ ವ್ಯಾಪಾರದ ಹಳೆಯ ಪದ. ಹೊಲ, ಎತ್ತು, ಮನೆ ಯಾವುದೇ ಇರಲಿ, ಮಾತು ಕುದುರಿದ ಮೇಲೆ ಕೈಗಿಡುವ ಮುಂಗಡ. ಅದು ಬಿತ್ತೆಂದರೆ ಎರಡೂ ಕಡೆ ಮಾತಿಗೆ ಕಟ್ಟು. ‘ಆ್ಯಡ್ ಟು ಕಾರ್ಟ್’ ಎಂಬುದನ್ನು ‘ಬಂಡಿಗೆ ಸೇರಿಸಿ’ ಎಂದು ಮಾಡಿ ನಗೆಪಾಟಲಾಗುವ ಬದಲು ನಮ್ಮಲ್ಲಿರುವ ಪದವನ್ನೇ ಬಟನ್ ಮೇಲೆ ಬರೆದರೆ ಒತ್ತುವವರಿಗೆ ತಾವೇನು ಮಾಡುತ್ತಿದ್ದೇವೆಂದು ಸ್ಪಷ್ಟವಾಗುತ್ತದೆ. ಯುಪಿಐ ಬಂದ 2016ರಿಂದ ಈಚೆಗೆ ಸಂಚಕಾರ ಕಳಿಸುವುದು ಚಹಾದ ರೊಕ್ಕ ಕೊಟ್ಟಷ್ಟೇ ಸಲೀಸು. ಹೇಳಿ ಮಾಡಿಸುವ ಸರಕಿಗೆ ‘ಮನೆಗೆ ಬಂದ ಮೇಲೆ ರೊಕ್ಕ’ ಎಂಬ ಪದ್ಧತಿ ಒಗ್ಗುವುದೂ ಇಲ್ಲ. ವಾಪಸು ಬಂದ ಜಮಖಾನೆಯ ಸಾಗಣೆ ಖರ್ಚು ನೇಕಾರಳ ಕೂಲಿಯಲ್ಲೇ ಮುರಿಯುತ್ತದೆ.

ಸರತಿಯನ್ನು ಬಚ್ಚಿಡಬೇಕಿಲ್ಲ. ಧಾರವಾಡದ ಲೈನ್ ಬಜಾರಿನಲ್ಲಿ ಪೇಢೆಗಾಗಿ ಜನ ಸಾಲುಗಟ್ಟುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಲು ಕಂಡರೆ ಗಿರಾಕಿ ಓಡಿಹೋಗುವುದಿಲ್ಲ, ಹಿಂದೆ ಬಂದು ನಿಲ್ಲುತ್ತಾನೆ. ಆದರೆ ಸಾಲು ನಿಜವಾದದ್ದಾಗಿರಬೇಕು.

ಸುಳ್ಳು ಸಾಲಿನ ವಿಚಾರಕ್ಕೆ ಕಾನೂನೇ ಬಂದಿದೆ. ‘ಇನ್ನು ಎರಡೇ ಪೀಸ್ ಉಳಿದಿವೆ’, ‘ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ’ ಎಂದು ಪುಟದ ಮೇಲೆ ಸುಳ್ಳೇ ಗಡಿಯಾರ ಓಡಿಸುವ ಚಾಳಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ನಿಷೇಧಿಸುತ್ತದೆ. ಅದರಲ್ಲಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳ ಪಟ್ಟಿಯಿದೆ. ಬುಟ್ಟಿಗೆ ತಿಳಿಯದಂತೆ ಸಾಮಾನು ಸೇರಿಸುವುದು, ಕೊನೆಯ ಹಂತದಲ್ಲಿ ಬೆಲೆ ಏರಿಸುವುದು, ಬೇಡ ಎಂದವರಿಗೆ ನಾಚಿಕೆಯಾಗುವಂತೆ ಬರೆಯುವುದು ಎಲ್ಲವೂ ಅದರಲ್ಲಿವೆ. ಮೊದಲೇ ಟಿಕ್ ಹಾಕಿಟ್ಟ ಚೌಕಗಳನ್ನು 2020ರ ಇ-ವಾಣಿಜ್ಯ ನಿಯಮಗಳೇ ಬೇಡವೆಂದಿದ್ದವು. ಮಾರುವವರ ಹೆಸರು, ವಿಳಾಸ, ಪೂರ್ಣ ಬೆಲೆ, ವಾಪಸಾತಿಯ ಷರತ್ತು, ದೂರು ಕೇಳುವವರ ಸಂಪರ್ಕ ಇವನ್ನು ತೋರಿಸಬೇಕೆಂದೂ ಆ ನಿಯಮಗಳು ಹೇಳುತ್ತವೆ. ದೊಡ್ಡ ಕಂಪನಿಗಳಿಗೆ ಇದು ಕಿರಿಕಿರಿ. ಹಳ್ಳಿಯ ಮಾರಾಟಗಾರನಿಗೆ ಲಾಭವೇ, ಏಕೆಂದರೆ ಅವನಲ್ಲಿ ತೋರಿಸಲು ನಿಜವಾದ ಮನೆ, ನಿಜವಾದ ಓಣಿ, ನಿಜವಾದ ಮುಖ ಇದೆ.

ಮೆಣಸಿನಕಾಯಿಯ ಕತೆ ಇಷ್ಟು ನಿಧಾನದ್ದಲ್ಲ. ಅಲ್ಲಿ ಸರಕು ಚೀಲಗಟ್ಟಲೆ, ಗಿರಾಕಿಗೆ ಬೇಕಾದದ್ದು ವರ್ಷದ ಖಾರಪುಡಿಗೆ ನಾಲ್ಕೈದು ಕಿಲೊ. ಬ್ಯಾಡಗಿ ಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಿಂದ ತೆಗೆದ ಬಣ್ಣದ ಸತ್ವ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. ಹೊರಗಿನ ಗಿರಾಕಿಗೆ ಇದು ಗೊತ್ತಿರುವುದಿಲ್ಲ. ‘ಬ್ಯಾಡಗಿ’ ಎಂಬ ಹೆಸರಿನಲ್ಲಿ ಬೇರೆ ಸೀಮೆಯ ಹೈಬ್ರಿಡ್ ತಳಿಗಳೂ ಬಿಕರಿಯಾಗುತ್ತವೆ. ವರ್ತಕರು 5531, 2043 ಎಂದು ನಂಬರಿನಲ್ಲಿ ಮಾತಾಡುತ್ತಾರೆ. ಮನೆಯವರು ಕೆಂಪಗಿದ್ದರೆ ಸಾಕೆಂದು ಕೊಂಡು ಆಮೇಲೆ ಕೆಮ್ಮುತ್ತಾರೆ. ಹೀಗಾಗಿ ಕುಂದಗೋಳದ ರೈತನ ಪುಟ ಮೊದಲು ಹೇಳಬೇಕಾದ್ದು ‘ಅತ್ಯುತ್ತಮ ಗುಣಮಟ್ಟ’ ಎಂಬ ಸವಕಲು ಮಾತನ್ನಲ್ಲ. ಡಬ್ಬಿಯೋ ಕಡ್ಡಿಯೋ, ಈ ವರ್ಷದ ಕಾಯಿಯೋ, ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಹೋದ ವರ್ಷದ್ದೋ, ತೊಟ್ಟು ತೆಗೆದದ್ದೋ, ತೊಟ್ಟಿನ ಸಮೇತವೋ, ಯಾವ ಊರ ಹೊಲ, ಕಿಲೊಗೆ ಎಷ್ಟು ಎಂಬುದನ್ನು.

ಆಮೇಲೆ ಹತ್ತು ಸೆಕೆಂಡಿನ ಒಂದು ವಿಡಿಯೊ. ಹಿನ್ನೆಲೆ ಸಂಗೀತ ಬೇಡ, ಡ್ರೋನ್ ಬೇಡ. ಚೀಲದೊಳಗೆ ಇಳಿಯುವ ಕೈ, ಮುಷ್ಟಿಯ ಕರಕರ, ಬೀಜದ ಸದ್ದು, ಮುರಿದ ಕಾಯಿ, ಕೆಂಪಾದ ಅಂಗೈ. ಸಂತೆಯ ಗಿರಾಕಿ ತನ್ನ ಕೈಯಿಂದ ಮಾಡುವುದನ್ನು ದೂರದ ಗಿರಾಕಿಗಾಗಿ ರೈತನ ಕೈ ಮಾಡಿ ತೋರಿಸುತ್ತದೆ. ಇದಕ್ಕಿಂತ ಒಳ್ಳೆಯ ಜಾಹೀರಾತನ್ನು ಯಾವ ಏಜೆನ್ಸಿಯೂ ಬರೆದುಕೊಡಲಾರದು. ಪುಡಿ ಮಾಡಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ನೋಂದಣಿ ಸಂಖ್ಯೆ ಪೊಟ್ಟಣದ ಮೇಲೂ ಪುಟದ ಮೇಲೂ ಇರಲಿ. ಬೆಂಗಳೂರಿನ ಗಿರಾಕಿ ಅದನ್ನು ಹುಡುಕುತ್ತಾನೆ.

2024ರ ಮಾರ್ಚಿನಲ್ಲಿ ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಸ್ಫೋಟಗೊಂಡಿದ್ದು, ಎಪಿಎಂಸಿ ಕಚೇರಿಯ ಮುಂದೆ ವಾಹನಗಳು ಸುಟ್ಟಿದ್ದು ಯಾರೂ ಮರೆತಿಲ್ಲ. ಒಂದು ವೆಬ್ ಪುಟ ಆ ಸಂಕಟಕ್ಕೆ ಮದ್ದು ಎಂದರೆ ಅದು ತಮಾಷೆಯಾದೀತು. ಐವತ್ತು ಚೀಲ ಬೆಳೆದವನು ಐವತ್ತನ್ನೂ ಮೊಬೈಲಿನಲ್ಲಿ ಮಾರಲಾರ. ಎರಡು ಚೀಲವನ್ನು ಹಾಗೆ ಮಾರಿದರೂ, ಮಾರುಕಟ್ಟೆಯಲ್ಲಿ ಕೂಗಿದ ದರದ ಪಕ್ಕದಲ್ಲಿ ಇಟ್ಟು ನೋಡಲು ಅವನಿಗೆ ಇನ್ನೊಂದು ದರ ಸಿಗುತ್ತದೆ. ಅದರ ಬೆಲೆ ಎರಡು ಚೀಲಕ್ಕಿಂತ ದೊಡ್ಡದು.

ಕಲಘಟಗಿಯ ತೊಟ್ಟಿಲಿನದು ಮತ್ತೊಂದು ಲೆಕ್ಕ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಮೈಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳು. ಒಂದು ತೊಟ್ಟಿಲಲ್ಲಿ ಮೂರು ತಲೆಮಾರು ಮಲಗಿ ಎದ್ದಿರುತ್ತದೆ. ನಟ ಅಂಬರೀಷ್ ತೀರಿಕೊಳ್ಳುವ ಮೊದಲು ಯಶ್ ಮತ್ತು ರಾಧಿಕಾ ಪಂಡಿತ್ ಅವರ ಮಗುವಿಗೆಂದು ಕಲಘಟಗಿ ಶೈಲಿಯ ತೊಟ್ಟಿಲನ್ನು ಮಾಡಿಸಲು ಹೇಳಿದ್ದ ಸುದ್ದಿ 2018ರ ಕೊನೆಗೆ ಹೊರಬಿದ್ದಾಗ ಆ ಹೆಸರನ್ನು ಹುಡುಕಿದವರು ಎಷ್ಟೋ ಮಂದಿ ಇದ್ದಿರಬೇಕು. ಅಂಥ ಹೊತ್ತಿನಲ್ಲಿ ಹುಡುಕಿ ಬಂದವರು ಇಳಿಯಲು ಒಂದು ಪಡಸಾಲೆ ಸಿದ್ಧವಿರಬೇಕು. ಸುದ್ದಿ ವಾರದಲ್ಲಿ ಹಳತಾಗುತ್ತದೆ.

ತೊಟ್ಟಿಲನ್ನು ಕೊಳ್ಳುವವರು ಯಾರು? ಬಹುಪಾಲು ತಂದೆತಾಯಿ ಅಲ್ಲ. ಈ ಕಡೆ ತೊಟ್ಟಿಲು ಬರುವುದು ತವರಿನಿಂದ. ಕೊಡಿಸುವವರು ಅಜ್ಜ, ಅಜ್ಜಿ, ಸೋದರಮಾವ. ಪುಟ ಮಾತಾಡಬೇಕಾದ್ದು ಅವರ ಜೊತೆ. ಅಕ್ಷರ ದೊಡ್ಡದಿರಬೇಕು. ಫೋನ್ ನಂಬರನ್ನು ಒತ್ತಿದ ಕೂಡಲೇ ಕರೆ ಹೋಗಬೇಕು. ಎತ್ತಿದವರು ‘ಹೇಳ್ರಿ ಯಜಮಾನ್ರ’ ಎನ್ನಬೇಕು. ಅವರ ಪ್ರಶ್ನೆಗಳೂ ಬೇರೆ: ತೊಟ್ಟಿಲಲ್ಲಿ ಹಾಕುವ ಶಾಸ್ತ್ರದ ದಿನಕ್ಕೆ ಮುಟ್ಟುತ್ತದೆಯೇ? ಬಣ್ಣ ಮಗುವಿನ ಬಾಯಿಗೆ ಹೋದರೆ? ಬಿಚ್ಚಿ ಕಟ್ಟಬಹುದೇ? ಕೊಂಡಿ, ಸರಪಳಿ ಜೊತೆಗೆ ಬರುತ್ತವೆಯೇ? ಅಪಾರ್ಟ್‌ಮೆಂಟಿನ ಸೂರಿಗೆ ತೂಗುಹಾಕಲು ಆಗದಿದ್ದರೆ ನಿಲ್ಲಿಸುವ ಕಂಬ ಸಿಗುತ್ತದೆಯೇ? ಈ ಐದು ಪ್ರಶ್ನೆಗೆ ಐದು ಸಾಲಿನ ಉತ್ತರ ಕೊಟ್ಟರೆ ಪುಟದ ಮುಕ್ಕಾಲು ಕೆಲಸ ಮುಗಿಯಿತು. ಸಾಗಣೆಯ ಚಿಂತೆ ಈ ಜಿಲ್ಲೆಗೆ ಇರಬಾರದು. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುವಾದ ಸಾಗಣೆ ಕಂಪನಿ ವಿಆರ್‌ಎಲ್‌ನ ನೋಂದಾಯಿತ ಕಚೇರಿ ಹುಬ್ಬಳ್ಳಿ ತಾಲ್ಲೂಕಿನ ವರೂರಿನಲ್ಲಿದೆ, ಕಲಘಟಗಿಗೆ ದೂರವೇನಲ್ಲ.

ಸ್ಪಷ್ಟ ಮಾಹಿತಿ ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಹುಬ್ಬಳ್ಳಿಯ ಬೆಂಗೇರಿಯ ರಾಷ್ಟ್ರಧ್ವಜವನ್ನು ನೋಡಬಹುದು. ಅಲ್ಲಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹೊಲಿಯುವ ಧ್ವಜಕ್ಕೆ ಒಂಬತ್ತು ಅಳತೆ, ಆರು ಅಂಗುಲಕ್ಕೆ ನಾಲ್ಕು ಅಂಗುಲದಿಂದ ಇಪ್ಪತ್ತೊಂದು ಅಡಿಗೆ ಹದಿನಾಲ್ಕು ಅಡಿವರೆಗೆ. ಬಟ್ಟೆಯ ನೂಲು, ಬಣ್ಣ, ಚಕ್ರ ಎಲ್ಲಕ್ಕೂ ಮಾನಕ ಸಂಸ್ಥೆಯ ಲಿಖಿತ ಕಟ್ಟಳೆ. ಕಲ್ಕತ್ತೆಯ ಕಚೇರಿಯೊಂದಕ್ಕೆ ಧ್ವಜ ಬೇಕಾದರೆ ಕೈಯಿಂದ ಮುಟ್ಟಿ ನೋಡಬೇಕಾಗಿಲ್ಲ. ಅಳತೆ ಹೇಳಿದರೆ ಸಾಕು. ಜಮಖಾನೆಗೆ, ತೊಟ್ಟಿಲಿಗೆ ಅಂಥ ಅಳತೆಪಟ್ಟಿ ಬರೆದಿಡಲು ಯಾವ ಸಾಫ್ಟ್‌ವೇರೂ ಬೇಕಿಲ್ಲ, ಒಂದು ಟೇಪು, ಒಂದು ವಹಿ ಸಾಕು.

ಪುಟ ಹಗುರಾಗಿರಬೇಕೆಂಬ ಮಾತನ್ನು ಕಲಘಟಗಿಯ ಕಾಡಂಚಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಮಾಳಿಗೆ ಹತ್ತುವವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರು ಸೆಕೆಂಡಿಗಿಂತ ತಡವಾದರೆ ಮೊಬೈಲಿನಲ್ಲಿ ಬಂದವರಲ್ಲಿ ಶೇ 53ರಷ್ಟು ಮಂದಿ ಬಿಟ್ಟು ಹೋಗುತ್ತಾರೆಂದು ಗೂಗಲ್ 2016ರಲ್ಲೇ ಲೆಕ್ಕ ಹಾಕಿತ್ತು. ಸರಿಯುವ ಚಿತ್ರಗಳು, ಉದ್ಘಾಟನೆಯ ಫೋಟೊಗಳು ಈ ಮೂರು ಸೆಕೆಂಡನ್ನೇ ತಿನ್ನುವುದು.

ಭಾಷೆಯ ವಿಷಯಕ್ಕೆ ಬಂದರೆ, ಅದರಲ್ಲೊಂದು ಚಿಕ್ಕ ತಾಂತ್ರಿಕ ಪೇಚಿದೆ. ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡುವ ರೂಢಿ ಇದೆ. ಬ್ಯಾನರಿಗೆ ಅದು ಸರಿ. ಯೂನಿಕೋಡ್ ಅಲ್ಲದ ಆ ಪಠ್ಯವನ್ನು ವೆಬ್ ಪುಟಕ್ಕೆ ಅಂಟಿಸಿದರೆ ‘ನವಲಗುಂದ’ ಎಂಬುದು ಚುಕ್ಕೆ, ಕೊಂಬುಗಳ ರಾಶಿಯಾಗುತ್ತದೆ. ಅದಕ್ಕೆ ಅಂಜಿ ಕನ್ನಡವನ್ನು ಚಿತ್ರವಾಗಿ ಹಾಕುವವರಿದ್ದಾರೆ. ಚಿತ್ರದಲ್ಲಿರುವ ಅಕ್ಷರ ಹುಡುಕಿದರೆ ಸುಲಭಕ್ಕೆ ಸಿಗದು, ದೊಡ್ಡದು ಮಾಡಿದರೆ ಒಡೆಯುತ್ತದೆ. ಯೂನಿಕೋಡಿಗೆ ಬದಲಿಸುವ ಸಾಧನಗಳು ಪುಕ್ಕಟೆ ಸಿಗುವಾಗ ಈ ತಾಪತ್ರಯ ಯಾಕೆ? ಕನ್ನಡ ಬಾರದ ಗಿರಾಕಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಪುಟ ಇರಲಿ, ಒಂದೇ ಪುಟದಲ್ಲಿ ಎರಡನ್ನೂ ಕಲಸುವುದು ಬೇಡ.

ಪರೀಕ್ಷೆ ಬೇಡವೇ? ಬೇಕು. ಅದಕ್ಕೆ ಮೂರು ಲಕ್ಷ ಜನ ಬೇಕಿಲ್ಲ. ಬಳಕೆಯ ಪರೀಕ್ಷೆಗೆ ಐದು ಜನ ಸಾಕು, ಮುಕ್ಕಾಲಿಗೂ ಹೆಚ್ಚು ದೋಷಗಳು ಅಷ್ಟರಲ್ಲೇ ಬಯಲಾಗುತ್ತವೆ ಎಂದು ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ವಾದಿಸಿದ್ದು ಸಣ್ಣವರಿಗೆ ಹೇಳಿಮಾಡಿಸಿದಂತಿದೆ. ಪುಟ ಮಾಡಿದವರು ಮೊಬೈಲನ್ನು ಅತ್ತೆಯ ಕೈಗೆ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನ ಕೈಗೆ, ಪಿಯುಸಿ ಓದುವ ಹುಡುಗಿಯ ಕೈಗೆ ಕೊಟ್ಟು ‘ಇದನ್ನ ತಗೋಬೇಕಂದ್ರ ಏನ್ ಮಾಡ್ತೀರಿ?’ ಎಂದು ಕೇಳಿ ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟ. ಬೆರಳು ಎಲ್ಲಿ ತಡವರಿಸಿತೋ ಅಲ್ಲಿ ಪುಟ ಕೆಟ್ಟಿದೆ.

ಇದನ್ನೆಲ್ಲ ಮಾಡುವವರು ಯಾರು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಮಗ್ಗದ ಮುಂದೆ ಕುಳಿತವಳಿಗೇ ‘ನೀನೇ ಡಿಜಿಟಲ್ ಆಗು’ ಎಂದು ಹೇಳುವುದು ಕೆಲಸ ಜಾರಿಸಿಕೊಳ್ಳುವ ಉಪಾಯ. ಅವಳ ಕಸುಬು ನೇಯುವುದು. ಪುಟ ನೋಡಿಕೊಳ್ಳಲು, ಫೋನ್ ಎತ್ತಲು, ಸರತಿಯ ವಹಿ ಬರೆಯಲು, ಪಾರ್ಸೆಲ್ ಕಟ್ಟಿ ಕಳಿಸಲು ಪ್ರತಿ ತಾಲ್ಲೂಕಿಗೆ ಸಂಬಳದ ಒಬ್ಬರು ಬೇಕು, ಬೆಲೆಯಲ್ಲಿ ಎಷ್ಟು ಪಾಲು ಯಾರಿಗೆ ಎಂಬುದು ಪುಟದ ಮೇಲೇ ಬರೆದಿರಬೇಕು. ಲಕ್ಷಗಟ್ಟಲೆ ಸುರಿದು ಪೋರ್ಟಲ್ ಕಟ್ಟಿಸಿ ಉದ್ಘಾಟಿಸುವುದಕ್ಕಿಂತ ಇದು ಅಗ್ಗ. ಪೋರ್ಟಲಿನ ಗುತ್ತಿಗೆ ಮುಗಿದ ಮರುವರ್ಷ ಅದರ ಡೊಮೇನ್ ನವೀಕರಿಸುವವರೂ ಇರುವುದಿಲ್ಲ. ಒಬ್ಬ ಪದವೀಧರೆಗೆ ಕೊಟ್ಟ ಸಂಬಳ ಹಾಗೆ ಆವಿಯಾಗುವುದಿಲ್ಲ. ಜಿಲ್ಲಾ ಪಂಚಾಯಿತಿ, ಕೈಮಗ್ಗ ಮತ್ತು ತೋಟಗಾರಿಕೆ ಇಲಾಖೆಗಳು ಕೂಡಿ ಕೂತರೆ ಒಂದು ಮಧ್ಯಾಹ್ನದಲ್ಲಿ ತೀರ್ಮಾನವಾಗುವ ವಿಷಯ.

ಪ್ರತಿ ವರ್ಷ ಹೋಳಿ ಹುಣ್ಣಿಮೆಗೆ ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಸಾವಿರಾರು ಜನ ಬರುತ್ತಾರೆ. ಮಕ್ಕಳಾಗಲಿ, ಮದುವೆಯಾಗಲಿ, ಮನೆಯಾಗಲಿ ಎಂದು ಹರಕೆ ಹೊರುತ್ತಾರೆ, ತೀರಿಸಲು ಮರುವರ್ಷ ಮತ್ತೆ ಬರುತ್ತಾರೆ. ಬಂದವರಲ್ಲಿ ಎಷ್ಟೋ ಜನಕ್ಕೆ ಅದೇ ಊರಿನ ಇನ್ನೊಂದು ಓಣಿಯಲ್ಲಿ ಮಗ್ಗ ಬಡಿಯುತ್ತಿದೆ ಎಂಬುದು ಗೊತ್ತಿರುವುದಿಲ್ಲ. ಮುಂದಿನ ಹೋಳಿಯ ಹೊತ್ತಿಗೆ ಗುಡಿಯ ದಾರಿಯಲ್ಲಿ ಮೂರಡಿ ಐದಡಿಯ ಒಂದು ಜಮಖಾನೆ ತೂಗಲಿ, ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್ ಇರಲಿ, ಅದನ್ನು ಸ್ಕ್ಯಾನ್ ಮಾಡಿದರೆ ತೆರೆಯುವ ಪುಟದಲ್ಲಿ ಮೊದಲ ಸಾಲಿಗೇ ಬೆಲೆ ಇರಲಿ.